ಪಾಸು-ಫೇಲಿಲ್ಲದ ಪರೀಕ್ಷೆ

ಏಕಾಗ್ರತೆಯ ಕೊರತೆ, ಅತಿಚಟುವಟಿಕೆಗಳಿಂದ ಕೂಡಿದ ಎಡಿಎಚ್‌ಡಿ ಇದೆಯೇ ಎಂದು ತಿಳಿಯಲು ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯುವ ದಿನ ಹತ್ತಿರವಾದಂತೆ ತಂದೆತಾಯಿಯರ ಎದೆಬಡಿತ ಹೆಚ್ಚುತ್ತದೆ. "ಡಾಕ್ಟರ ಮುಂದೆ ಜಾಣನಾಗಿ ಕುಳಿತಿರಬೇಕು" ಎಂದು ಹಿಂದಿನ ರಾತ್ರಿ ಪಾಠ ಹೇಳುವವರೂ ಉಂಟು. ಇದು ತರವಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಪರೀಕ್ಷೆಯೆಂದರೆ ಪಾಸು ಇಲ್ಲವೆ ಫೇಲು. ಅಳುಕು ಹುಟ್ಟುವುದೇ ಅಲ್ಲಿ. ಎಡಿಎಚ್‌ಡಿಯನ್ನು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ನಿರ್ಣಯಿಸಲಾರದು. ವೈದ್ಯರು ಮಾತನಾಡಿಸುತ್ತಾರೆ, ಹೆತ್ತವರಿಂದಲೂ ಶಿಕ್ಷಕರಿಂದಲೂ ಪ್ರಶ್ನಾವಳಿ ತುಂಬಿಸಿಕೊಳ್ಳುತ್ತಾರೆ. 2013ರಲ್ಲಿ ಪ್ರಕಟವಾದ ಡಿಎಸ್‌ಎಂ-5ರ ಪ್ರಕಾರ ಲಕ್ಷಣಗಳು 12 ವರ್ಷ ತುಂಬುವ ಮೊದಲೇ ತೋರಿರಬೇಕು, ಕನಿಷ್ಠ 6 ತಿಂಗಳು ಇದ್ದಿರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಅಂದಮೇಲೆ ಅರ್ಧ ಗಂಟೆ ಮಗು ಮೌನವಾಗಿ ಕುಳಿತರೂ ಕುರ್ಚಿಯ ಮೇಲೆ ಕುಣಿದರೂ ಅಷ್ಟರಿಂದಲೇ ಏನೂ ತೀರ್ಮಾನವಾಗದು. ತಾಲೀಮು ಕೊಟ್ಟರೆ ಮಗುವಿನ ನಿಜವಾದ ಕಷ್ಟವೇ ಮರೆಯಾದೀತು.

ಭಯವಾದರೆ ಬರೆಯಲು ಕುಳಿತುಕೊಳ್ಳಿ. ಮರೆತು ಬಂದ ಪುಸ್ತಕ, ಅರ್ಧಕ್ಕೆ ಬಿಟ್ಟ ಲೆಕ್ಕ, ಎಂದಿನಿಂದ, ಎಲ್ಲೆಲ್ಲಿ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳಿ. ಹಳೆಯ ನೋಟ್‌ಬುಕ್ಕು, ಅಂಕಪಟ್ಟಿಗಳನ್ನು ಒಯ್ಯಿರಿ. ಗಾಬರಿಯಲ್ಲಿ ಮಾತು ಮರೆತರೂ ಕಾಗದ ಹೇಳುತ್ತದೆ. ಮಗುವಿಗೆ, "ನಿನಗೆ ಯಾವುದು ಕಷ್ಟವೆಂದು ತಿಳಿಯಲು ಹೋಗುತ್ತಿದ್ದೇವೆ" ಎಂದರೆ ಸಾಕು.

'ಸೋಮಾರಿ', 'ದಡ್ಡ' ಎಂಬ ಬಿರುದುಗಳನ್ನು ಹೊತ್ತೇ ಶಾಲೆ ಮುಗಿಸಿದ ಮಕ್ಕಳನ್ನು ನಾನು ಕಂಡಿದ್ದೇನೆ. ವೈದ್ಯರು ಹೇಳುವ ಹೆಸರಿನ ಹಿಂದೆ ನೆರವಿನ ದಾರಿಯಾದರೂ ಇದೆ. ಹೆದರಬೇಕಾದದ್ದು ಆ ಬಿರುದುಗಳಿಗೆ.