ರಜೆಯ ಪಟ್ಟಿಯೂ ಪರ್ವದ ನಿಷ್ಠೆಯೂ

ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ಸರ್ಕಾರ ಪ್ರಕಟಿಸಿದೊಡನೆ ಸಮಾಜದ ಸಭೆಗಳಲ್ಲಿ ಒಂದು ದೂರು ಕೇಳಿಬರುವುದು ವಾಡಿಕೆಯಾಗಿದೆ. ಮಹಾವೀರ ಜಯಂತಿಯೊಂದನ್ನು ಬಿಟ್ಟರೆ ಜೈನ ಪರ್ವಗಳಿಗೆ ಆ ಪಟ್ಟಿಯಲ್ಲಿ ಎಡೆಯಿಲ್ಲ. ನಿರ್ವಾಣ ಕಲ್ಯಾಣಕಕ್ಕೆ ರಜೆಯಿಲ್ಲ. ದಶಲಕ್ಷಣ ಪರ್ವವನ್ನು ಮುಗಿಸುವ ಅನಂತ ಚತುರ್ದಶಿಗೆ ರಜೆಯಿಲ್ಲ. ಇದರಿಂದ ಧರ್ಮಕ್ಕೆ ಅಗೌರವವಾಯಿತೆಂದು ಠರಾವುಗಳಾಗುತ್ತವೆ, ಮನವಿಪತ್ರಗಳು ಹೊರಡುತ್ತವೆ. ಬೇಡುವುದರಲ್ಲಿ ದೋಷವಿಲ್ಲ. ಆದರೆ ರಜೆಯೇ ಧರ್ಮಕ್ಕೆ ಸಲ್ಲುವ ಗೌರವದ ಅಳತೆಗೋಲೆಂದು ಬಗೆಯುವುದು ದೋಷ. ಸರ್ಕಾರದ ಮುಂದೆ ರಜೆಗಾಗಿ ಚಾಚಿದ ಕೈಯೇ ತನ್ನ ಅಧೀನದಲ್ಲಿ ದುಡಿಯುವವರಿಗೆ ರಜೆ ಕೊಡಲು ಹಿಂಜರಿಯುವುದು ಅದಕ್ಕಿಂತ ದೊಡ್ಡ ದೋಷ.

ಸಾರ್ವಜನಿಕ ರಜೆಯೆಂಬ ಏರ್ಪಾಡು ಯಾವ ದೇವಾಲಯದಲ್ಲಿಯೂ ಹುಟ್ಟಿದುದಲ್ಲ. ಅದು ಹುಟ್ಟಿದುದು ಹಣದ ವ್ಯವಹಾರದಲ್ಲಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 25ನೆಯ ಕಲಮು ಹುಂಡಿ ಮತ್ತು ಪ್ರಾಮಿಸರಿ ನೋಟುಗಳ ವಾಯಿದೆ ರಜೆಯ ದಿನ ಮುಗಿಯುವಂತಿದ್ದರೆ ಹಣ ಎಂದು ಸಲ್ಲಬೇಕೆಂಬುದನ್ನು ಗೊತ್ತುಮಾಡುವ ಸಲುವಾಗಿ ರಜೆ ಯಾವುದೆಂದು ಹೇಳಿತು. ಅಂದಿನ ಆಳರಸರು ತಮ್ಮ ಭಾನುವಾರ, ಹೊಸವರ್ಷ, ಕ್ರಿಸ್ಮಸ್ ಮತ್ತು ಗುಡ್ ಫ್ರೈಡೆಗಳನ್ನು ಕಾಯಿದೆಯಲ್ಲಿಯೇ ಬರೆದು, ಉಳಿದ ದಿನಗಳನ್ನು ಪ್ರಾಂತೀಯ ಸರ್ಕಾರಗಳ ಪ್ರಕಟಣೆಗೆ ಬಿಟ್ಟರು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರ ಈ ಅಧಿಕಾರವನ್ನು 1957ರ ಪ್ರಕಟಣೆಯ ಮೂಲಕ ರಾಜ್ಯಗಳಿಗೆ ವಹಿಸಿಕೊಟ್ಟಿತು. ಇಂದಿಗೂ ರಾಜ್ಯಗಳು ರಜೆ ಘೋಷಿಸುವುದು ಈ ಕಾಯಿದೆಯ ಬಲದಿಂದಲೇ. 'ರಜೆ' ಎಂಬ ಶಬ್ದವೂ ಒಪ್ಪಿಗೆ, ಅನುಮತಿ ಎಂಬ ಅರ್ಥದ ಅರಬ್ಬೀ ಮೂಲದಿಂದ ಬಂದುದು. ರಜೆಯೆಂದರೆ ಮತ್ತೊಬ್ಬರು ಕೊಡುವ ಅನುಮತಿ. ಪರ್ವವಾದರೋ ಯಾರ ಅನುಮತಿಯನ್ನೂ ಕಾಯುವುದಿಲ್ಲ.

ಅನುಮತಿ ಕೊಡುವವರು ಬದಲಾದಂತೆ ರಜೆಯೂ ಬದಲಾಗುವುದು ಸಹಜ. 1956ರ ನವೆಂಬರ್ 1ರವರೆಗೆ ಬೆಳಗಾವಿಯ ಶ್ರಾವಕರು ಮುಂಬಯಿ ರಾಜ್ಯದವರು, ಮೂಡುಬಿದಿರೆ ಮತ್ತು ಕಾರ್ಕಳದವರು ಮದರಾಸು ರಾಜ್ಯದವರು, ಶ್ರವಣಬೆಳಗೊಳದವರು ಮೈಸೂರಿನವರು, ಕಲಬುರಗಿಯವರು ಹೈದರಾಬಾದಿನವರು. ಬಸದಿಯಲ್ಲಿ ಆಚರಿಸುವ ತಿಥಿ ಒಂದೇ ಆಗಿದ್ದರೂ ಕಚೇರಿ ಮುಚ್ಚುವ ದಿನವನ್ನು ನಿರ್ಧರಿಸುವ ರಾಜಧಾನಿಗಳು ನಾಲ್ಕು. ಏಕೀಕರಣದಿಂದ ಇವರೆಲ್ಲರಿಗೂ ಒಂದೇ ಪಟ್ಟಿ ದೊರೆಯಿತು. ಆದರೆ ಭೇದ ಅಳಿಯಲಿಲ್ಲ, ಹೊಸ ಗಡಿಗಳಿಗೆ ಸರಿಯಿತು. ನವೆಂಬರ್ 1 ಕರ್ನಾಟಕಕ್ಕೆ ರಾಜ್ಯೋತ್ಸವದ ರಜೆ. ಅದೇ ದಿನ ಜನ್ಮತಾಳಿದ ಕೇರಳದಲ್ಲಿ ಆ ದಿನಕ್ಕೆ ಸಾರ್ವಜನಿಕ ರಜೆಯಿಲ್ಲ. ಮೇ 1ರ ರಜೆ ಕರ್ನಾಟಕದಲ್ಲಿ ಕಾರ್ಮಿಕರ ಹೆಸರಿನದು. ಮಹಾರಾಷ್ಟ್ರದಲ್ಲಿ 1960ರಲ್ಲಿ ಆ ರಾಜ್ಯ ಸ್ಥಾಪನೆಯಾದುದರ ನೆನಪಿನದು. ಒಂದೇ ರಾಜ್ಯದೊಳಗೂ ಕೈಲ್‌ಪೊಳ್ದ್, ತುಲಾ ಸಂಕ್ರಮಣ ಮತ್ತು ಹುತ್ತರಿಗೆ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆಯುಂಟು. ಇವೆಲ್ಲವೂ ಆಯಾ ನಾಡಿನ ಇತಿಹಾಸ, ಜನಸಂಖ್ಯೆ ಮತ್ತು ರಾಜಕೀಯ ಒತ್ತಡಗಳ ಫಲ. ಅದರಲ್ಲಿ ಅಸಹಜವಾದುದೇನೂ ಇಲ್ಲ. ಅದರಲ್ಲಿ ಧರ್ಮದ ತೂಕವನ್ನು ಹುಡುಕುವುದು ಮಾತ್ರ ಅಸಹಜ.

ಜೈನ ಸಮಾಜಕ್ಕೆ ಸಂಬಂಧಿಸಿದ ದಿನಗಳನ್ನೇ ನೋಡಬಹುದು. ಚೈತ್ರ ಶುದ್ಧ ತ್ರಯೋದಶಿಯ ಮಹಾವೀರ ಜಯಂತಿ ಕರ್ನಾಟಕ, ಮಹಾರಾಷ್ಟ್ರ ಮತ್ತು ತಮಿಳುನಾಡುಗಳಲ್ಲಿ ಸಾರ್ವತ್ರಿಕ ರಜೆ. ತೆಲಂಗಾಣದಲ್ಲಿ ಅದು ನೌಕರರು ತಾವಾಗಿ ಆರಿಸಿಕೊಳ್ಳುವ ಐಚ್ಛಿಕ ರಜೆ. ಕೇರಳದ ಸಾರ್ವಜನಿಕ ರಜಾಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಹಾಗಾದರೆ ವಯನಾಡಿನ ಶ್ರಾವಕನಿಗೆ ಭಗವಾನರು ಮೈಸೂರಿನ ಶ್ರಾವಕನಿಗಿಂತ ಕಡಿಮೆ ಪೂಜ್ಯರಾದರೇ? 2024ರಲ್ಲಿ ಜಯಂತಿ ಭಾನುವಾರವೇ ಬಂದುದರಿಂದ ನೌಕರರಿಗೆ ಬೇರೆ ರಜೆಯ ಲಾಭ ದೊರೆಯಲಿಲ್ಲ. ಆ ವರ್ಷ ಜಯಂತಿಯ ಮಹಿಮೆಯೇನಾದರೂ ಕುಂದಿತೇ?

ದೀಪಾವಳಿಯ ನಿದರ್ಶನ ಇನ್ನೂ ಸ್ಪಷ್ಟವಾದುದು. ಭಗವಾನ್ ಮಹಾವೀರರ ನಿರ್ವಾಣ ಕಲ್ಯಾಣಕ ಅಮಾವಾಸ್ಯೆಯ ಪ್ರಾತಃಕಾಲದ್ದು. ಕರ್ನಾಟಕದ ಪಟ್ಟಿ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ರಜೆ ಕೊಟ್ಟು ನಡುವಿನ ಅಮಾವಾಸ್ಯೆಯನ್ನು ಬಿಡುತ್ತದೆ. ಮಹಾರಾಷ್ಟ್ರದ ಪಟ್ಟಿ ಅಮಾವಾಸ್ಯೆಯನ್ನು ಲಕ್ಷ್ಮೀಪೂಜೆಯ ಹೆಸರಿನಲ್ಲಿಯೂ ಮರುದಿನವನ್ನು ಬಲಿಪ್ರತಿಪದೆಯ ಹೆಸರಿನಲ್ಲಿಯೂ ರಜೆಯಾಗಿಸುತ್ತದೆ. 2025ರಲ್ಲಿ ಕರ್ನಾಟಕದ ರಜೆಗಳು ಅಕ್ಟೋಬರ್ 20 ಮತ್ತು 22ರಂದು. ಮಹಾರಾಷ್ಟ್ರದವು 21 ಮತ್ತು 22ರಂದು. ಸೂರ್ಯೋದಯಕ್ಕೆ ಅಮಾವಾಸ್ಯೆಯಿದ್ದುದು 21ರ ಮಂಗಳವಾರ. ಬೆಳಗಾವಿ ಮತ್ತು ಕೊಲ್ಲಾಪುರಗಳ ನಡುವೆ ಹೆಣ್ಣು ಕೊಟ್ಟು ತಂದ ಮನೆತನಗಳು ಎಷ್ಟೋ ಇವೆ. ಆ ಮುಂಜಾನೆ ನಿರ್ವಾಣ ಪೂಜೆ ಮುಗಿಸಿದ ಕೊಲ್ಲಾಪುರದ ಸರ್ಕಾರಿ ನೌಕರನಿಗೆ ಬಿಡುವಿತ್ತು. ಬೆಳಗಾವಿಯಲ್ಲಿದ್ದ ಅವನ ಭಾವನಿಗೆ ಪಟ್ಟಿಯ ಬಿಡುವಿರಲಿಲ್ಲ. ಕೊಲ್ಲಾಪುರದವನಿಗೆ ದೊರೆತುದೂ ನಿರ್ವಾಣದ ರಜೆಯಲ್ಲ, ಲಕ್ಷ್ಮೀಪೂಜೆಯ ರಜೆ. ಪೂಜೆ ಇಬ್ಬರದೂ ಒಂದೇ. ಅವರ ಭಕ್ತಿಯನ್ನು ಬೇರ್ಪಡಿಸುವ ಶಕ್ತಿ ಯಾವ ರಾಜ್ಯಪತ್ರಕ್ಕೂ ಇಲ್ಲ.

ಶ್ರಾವಕಾಚಾರದಲ್ಲಿ ಪರ್ವವೆಂಬುದಕ್ಕೆ ನಿಶ್ಚಿತವಾದ ಅರ್ಥವಿದೆ. ಪ್ರತಿ ತಿಂಗಳ ಎರಡು ಅಷ್ಟಮಿ ಮತ್ತು ಎರಡು ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ವಿಹಿತವಾಗಿದೆ. ಅಂದು ಶ್ರಾವಕನು ಆಹಾರವನ್ನಷ್ಟೇ ಅಲ್ಲ, ಆರಂಭವನ್ನೂ, ಎಂದರೆ ಹಿಂಸೆಗೆ ಎಡೆಗೊಡುವ ಉದ್ಯೋಗ ವ್ಯಾಪಾರಗಳನ್ನೂ ತಾನಾಗಿ ಬಿಡುತ್ತಾನೆ. ಈ ನಾಲ್ಕು ದಿನಗಳನ್ನು ರಜೆಯಾಗಿಸಬೇಕೆಂದು ಹಿಂದಿನವರು ಯಾವ ಅರಸನನ್ನೂ ಅವಲಂಬಿಸಲಿಲ್ಲ. ಅಂಗಡಿಯ ಬಾಗಿಲನ್ನು ಎಳೆದುಕೊಳ್ಳುವ ಸ್ವಾತಂತ್ರ್ಯ ಅಂಗಡಿಯ ಒಡೆಯನಿಗೆ ಯಾವಾಗಲೂ ಇತ್ತು, ಇಂದಿಗೂ ಇದೆ. ಅಮಾವಾಸ್ಯೆಯ ದಿನ ಸರ್ಕಾರ ಕಚೇರಿ ಮುಚ್ಚಲಿಲ್ಲವೆಂದು ನೊಂದುಕೊಳ್ಳುವ ವರ್ತಕನು ಅಂದು ತನ್ನ ಅಂಗಡಿಯನ್ನು ಮುಚ್ಚಿದ್ದನೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಈ ಪ್ರಶ್ನೆಯ ಬೆನ್ನಿಗೆ ಮತ್ತೊಂದು ಪ್ರಶ್ನೆಯಿದೆ. ಸಮಾಜ ಹೆಚ್ಚಾಗಿ ಮರೆಯುವುದು ಅದನ್ನೇ. ಜಯಂತಿಯ ದಿನ ಮೆರವಣಿಗೆಯೂ ಸಾಮೂಹಿಕ ಭೋಜನವೂ ನಡೆಯುತ್ತವೆ. ನಸುಕಿಗೆ ಮೊದಲೇ ಒಲೆ ಹೊತ್ತಿಸುವ ಅಡುಗೆಯವರು, ಎಲೆ ಎತ್ತಿ ನೆಲ ತೊಳೆಯುವ ಹೆಂಗಸರು, ಚಪ್ಪರ ಕಟ್ಟಿ ಬಿಚ್ಚುವ ಆಳುಗಳು, ರಾತ್ರಿಯಿಡೀ ಕಾಯುವ ಕಾವಲುಗಾರ, ಇವರ ಪಾಲಿಗೆ ಅದು ವರ್ಷದ ಅತ್ಯಂತ ಭಾರವಾದ ದಿನ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಶಕ್ತಿ ಮೀರಿ ಹೊರೆ ಹೊರಿಸುವುದನ್ನು ಎತ್ತು ಕುದುರೆಗಳ ವಿಷಯದಲ್ಲಿಯೇ ದೋಷವೆಂದು ಗುರುತಿಸಿದ ಧರ್ಮವು ಮನುಷ್ಯನ ವಿಷಯದಲ್ಲಿ ಅದನ್ನು ಕ್ಷಮಿಸೀತೇ? ಅಹಿಂಸೆಯನ್ನು ಸಾರಿದ ಮಹಾಪುರುಷರ ಜನ್ಮದಿನವೇ ಬಡವನ ಬೆನ್ನಿನ ಹೊರೆಯಾದರೆ ಆ ಉತ್ಸವದ ಫಲವೇನು?

ರಜೆಯ ಇತಿಹಾಸದ ಇನ್ನೊಂದು ಕವಲು ಇಲ್ಲಿ ಸ್ಮರಣೀಯ. ಮುಂಬಯಿಯ ಗಿರಣಿ ಕೆಲಸಗಾರರಿಗೆ ಭಾನುವಾರದ ಬಿಡುವು ಯಾರ ಕೃಪೆಯಿಂದಲೂ ಬಂದುದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದ ದೀರ್ಘ ಹೋರಾಟದ ಬಳಿಕ 1890ರಲ್ಲಿ ದೊರೆತುದು. ಕರ್ನಾಟಕದ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ಕಾಯಿದೆಯೂ ಇದೇ ಹಾದಿಯದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಇವಲ್ಲದೆ ಐದು ಹಬ್ಬದ ದಿನಗಳಂದು ಸಂಬಳಸಹಿತ ರಜೆ ಕೊಡಬೇಕೆಂದು ಅದು ವಿಧಿಸಿದೆ. ಹಬ್ಬಗಳ ಆಯ್ಕೆಯಲ್ಲಿ ಮಾಲೀಕನ ಮಾತಿಗೂ ಕೆಲಸಗಾರರ ಮಾತಿಗೂ ಎಡೆಯಿಟ್ಟಿದೆ. ಕಾಯಿದೆಯ ಈ ಕನಿಷ್ಠವನ್ನೂ ಮುಟ್ಟದ ಅಂಗಡಿ ಗೋದಾಮುಗಳು ಎಲ್ಲ ಸಮಾಜಗಳಲ್ಲಿಯೂ ಇವೆ. ಆದರೆ ಅಪರಿಗ್ರಹದ ಮಾತನಾಡುವ ಸಮಾಜ ಇತರರ ಮರೆಯಲ್ಲಿ ಅವಿತುಕೊಳ್ಳುವಂತಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಯೂ ಕೇಳತಕ್ಕದ್ದೇ. ಸರ್ಕಾರಿ ನೌಕರನಿಗೂ ಶಾಲೆಯ ಮಗುವಿಗೂ ಬಾಗಿಲೆಳೆದುಕೊಳ್ಳುವ ಸ್ವಾತಂತ್ರ್ಯವಿಲ್ಲ. ರಜೆಯಿಲ್ಲದಿದ್ದರೆ ಎಳೆಯರು ಬಸದಿಯ ಮುಖ ಕಾಣುವುದಾದರೂ ಹೇಗೆ ಎಂದು ಹಿರಿಯರು ಕೇಳುತ್ತಾರೆ. ಆ ಕಳವಳ ನ್ಯಾಯವಾದುದು. ಪರ್ವದ ದಿನ ಪರೀಕ್ಷೆ ಬೇಡವೆಂದು ಕೇಳುವುದರಲ್ಲಿಯೂ, ಪರಿಮಿತ ರಜೆಯ ಪಟ್ಟಿಯಲ್ಲಿ ಒಂದು ದಿನವನ್ನು ಬೇಡುವುದರಲ್ಲಿಯೂ ಅಡ್ಡಿಯಿಲ್ಲ. ಆದರೆ ಸಾರ್ವಜನಿಕ ರಜೆ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ಸರ್ಕಾರ ಇಂದು ಕೊಟ್ಟುದನ್ನು ನಾಳೆ ಹಿಂತೆಗೆದುಕೊಳ್ಳಬಹುದು. ಮೇಲಾಗಿ, ಈಗಾಗಲೇ ದೊರೆತಿರುವ ಜಯಂತಿಯ ರಜೆಯಲ್ಲಿ ಎಷ್ಟು ಮನೆಗಳ ಮಕ್ಕಳು ಸ್ವಾಧ್ಯಾಯಕ್ಕೆ ಕುಳಿತರು, ಎಷ್ಟು ಮನೆಗಳು ಪ್ರವಾಸಕ್ಕೆ ಹೊರಟವು ಎಂಬುದನ್ನು ಪ್ರತಿಯೊಂದು ಕುಟುಂಬವೂ ತನ್ನೊಳಗೆ ಕೇಳಿಕೊಳ್ಳುವುದು ಲೇಸು.

ಆದುದರಿಂದ ಮುಂದಿನ ಮನವಿಪತ್ರಕ್ಕೆ ಮೊದಲು ಮಾಡಬೇಕಾದ ಕೆಲಸ ಬೇರೆಯಿದೆ. ಪ್ರತಿಯೊಂದು ಬಸದಿಯ ಟ್ರಸ್ಟೂ ತನ್ನದೇ ಆದ ರಜಾಪಟ್ಟಿಯನ್ನು ಬರೆದು ಬಾಗಿಲಲ್ಲಿ ತೂಗುಹಾಕಲಿ. ಉತ್ಸವದ ದಿನ ದುಡಿದವರಿಗೆ ಆ ದಿನದ ಹೆಚ್ಚಿನ ಕೂಲಿಯೂ ಮರುದಿನದ ಸಂಬಳಸಹಿತ ಬಿಡುವೂ ಅದರಲ್ಲಿರಲಿ. ಸಮಾಜದ ವರ್ತಕರು ನಿರ್ವಾಣದ ಮುಂಜಾನೆ ಅಂಗಡಿಗಳನ್ನು ಮುಚ್ಚಲಿ. ಆಳುಗಳ ಆ ದಿನದ ಸಂಬಳವನ್ನು ಮುರಿಯದಿರಲಿ. ಆಳಿನ ಮನೆಯ ಹಬ್ಬ ಯುಗಾದಿಯಾಗಲಿ, ರಂಜಾನಾಗಲಿ, ಕ್ರಿಸ್ಮಸ್ಸಾಗಲಿ, ಆ ಬಿಡುವೂ ಅವನಿಗೆ ಸಲ್ಲಲಿ. ಈ ಪಟ್ಟಿಗೆ ಯಾವ ರಾಜ್ಯದ ಗಡಿಯೂ ಅಡ್ಡಬರುವುದಿಲ್ಲ, ಯಾವ ಕಾರ್ಯದರ್ಶಿಯ ಸಹಿಯೂ ಬೇಕಾಗುವುದಿಲ್ಲ. ಕೊಡಬಲ್ಲ ರಜೆಯನ್ನು ಕೊಟ್ಟ ಸಮಾಜಕ್ಕೆ ಮಾತ್ರ ಸರ್ಕಾರದಿಂದ ರಜೆ ಬೇಡುವ ನೈತಿಕ ಬಲವಿರುತ್ತದೆ.