ಆಕಾಶದ ಅಳತೆಗೆ ಜರಡಿ ಬೇಕು

ಗಾಳಿ ಕೆಟ್ಟಿದೆ ಎಂದು ಹಳ್ಳಿಗರು ದೂರಿದಾಗ ಎದುರಾಗುವ ಪ್ರಶ್ನೆ ಒಂದೇ: ಆಧಾರವೆಲ್ಲಿ? 2017ರ ಅಕ್ಟೋಬರ್‌ನಲ್ಲಿ ಉಡಾವಣೆಯಾದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹ ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಮೀಥೇನ್ ಮೊದಲಾದ ಅನಿಲಗಳನ್ನು ಅಳೆಯಲೆಂದೇ ರೂಪುಗೊಂಡದ್ದು. ಅದರ ಅಳತೆಗಳು ಎಲ್ಲರಿಗೂ ಉಚಿತ. ಅವನ್ನು ಓದುವ ಹಾರ್ಪ್ ತಂತ್ರಾಂಶವೂ ಉಚಿತವೇ.

ಕೋಂಡಾ ವ್ಯವಸ್ಥೆಯಿರುವ ಗಣಕಯಂತ್ರದಲ್ಲಿ ಒಂದೇ ಆಜ್ಞೆಗೆ ಹಾರ್ಪ್ ಸ್ಥಾಪನೆಯಾಗುತ್ತದೆ. ಬೇಕಾದ ಪೂರಕ ಕಡತಗಳೂ ಜೊತೆಗೇ ಬರುತ್ತವೆ. ಈಗಾಗಲೇ ಇರುವ ತಂತ್ರಾಂಶಗಳೊಡನೆ ತಿಕ್ಕಾಟವಾಗದಂತೆ ಅದಕ್ಕೊಂದು ಪ್ರತ್ಯೇಕ ಆವರಣ ಕಲ್ಪಿಸುವುದು ಲೇಸು.

ನಿಜವಾದ ಕೆಲಸ ಆರಂಭವಾಗುವುದು ಆನಂತರ. ಪ್ರತಿಯೊಂದು ಅಳತೆಗೂ ಸೊನ್ನೆಯಿಂದ ಒಂದರವರೆಗಿನ ಗುಣಮಟ್ಟದ ಅಂಕವಿದೆ. ನೈಟ್ರೋಜನ್ ಡೈಆಕ್ಸೈಡ್‌ನ ವಿಷಯದಲ್ಲಿ ಸಾಮಾನ್ಯವಾಗಿ 0.75ಕ್ಕಿಂತ ಹೆಚ್ಚು ಅಂಕ ಪಡೆದವನ್ನಷ್ಟೇ ಉಳಿಸಿಕೊಳ್ಳಬೇಕು. ಮಲೆನಾಡಿನ ಮಳೆಗಾಲದ ಮೋಡದಲ್ಲಿ ಈ ಜರಡಿ ದಾಟುವ ಅಳತೆಗಳು ವಿರಳ. ದಾಟಿದವೂ ನೆಲದಿಂದ ಮೇಲಕ್ಕೆ ನಿಂತ ಗಾಳಿಯ ಕಂಬದ ಲೆಕ್ಕವೇ ಹೊರತು ಅಂಗಳದಲ್ಲಿ ಉಸಿರಾಡುವ ಗಾಳಿಯದಲ್ಲ. 2019ರ ಆಗಸ್ಟ್‌ನಿಂದ ಈಚಿನ ಅತಿ ಸೂಕ್ಷ್ಮ ಚೌಕವೂ ಸುಮಾರು 5.5 ಕಿ.ಮೀ. ಉದ್ದ, 3.5 ಕಿ.ಮೀ. ಅಗಲ, ಹಲವು ಊರುಗಳು ಅದರೊಳಗೇ ಅಡಗುತ್ತವೆ. ಉಪಗ್ರಹ ಹಾಯುವುದು ಮಧ್ಯಾಹ್ನ ಸುಮಾರು 1.30ಕ್ಕೆ, ಸಂಜೆ ಎದ್ದ ಹೊಗೆ ಅದರ ಕಣ್ಣಿಗೆ ಬೀಳದು.

ಜರಡಿ ಹಿಡಿಯದ ಬಣ್ಣದ ನಕ್ಷೆಯನ್ನು ಅಧಿಕಾರಿಗಳ ಮುಂದಿಟ್ಟರೆ ಅದು ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ, ಜೊತೆಗೆ ನ್ಯಾಯವಾದ ದೂರನ್ನೂ ಕೆಡವುತ್ತದೆ. ವಿದ್ಯಾರ್ಥಿಗಳು ತಂತ್ರಾಂಶ ಕಲಿಯಲಿ. ಹಿರಿಯರು ಹೊಗೆ ಕಂಡ ದಿನ, ಹೊತ್ತು, ಗಾಳಿಯ ದಿಕ್ಕನ್ನು ಬರೆದಿಡಲಿ. ಎರಡೂ ಒಂದೇ ಮಾತನ್ನು ಹೇಳಿದಾಗ ಅದನ್ನು ಅಲ್ಲಗಳೆಯುವುದು ಸುಲಭವಲ್ಲ.