ನಾಳೆ ಬೆಳಿಗ್ಗೆ ಒಯ್ಯಬೇಕಾದ ಗಿಡ

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ಡಫಳಾಪುರದ ಮನೆಯೊಂದಕ್ಕೆ ಭೇಟಿಗೆ ಹೋಗಿದ್ದೆವು. ಮನೆಯ ಯಜಮಾನರು ಜತ್ತದ ಪೇಟೆಯಿಂದ ತಂದ ದಾಳಿಂಬೆ ಸಸಿಯ ಪ್ಲಾಸ್ಟಿಕ್ ಚೀಲ ಹರಿದು, ಅದನ್ನು ಹಳೆಯ ಎಣ್ಣೆಡಬ್ಬಿಗೆ ಇಳಿಸುತ್ತಿದ್ದರು. ಪಕ್ಕದಲ್ಲಿ ಮಗ ವಹಿಯಲ್ಲಿ ಇಪ್ಪತ್ತು ದಿನಗಳ ಎತ್ತರವನ್ನು ಒಂದೇ ಕೂತಿನಲ್ಲಿ ಬರೆಯುತ್ತಿದ್ದ. ಸಂಶಯ ಬಾರದಿರಲೆಂದು ಎರಡು ಬಣ್ಣದ ಪೆನ್ನು!

"ಏನ್ ಮಾಡೂದ್ರಿ ಫಾದರ್, ಬೀಜ ಹಾಕಿ ಗಿಡಾ ಬೆಳಸಂತ ಶಾಲ್ಯಾಗ ಹೇಳಿದ್ರಂತ. ಇಂವ ಮರತಾನ. ನಾಳಿಗೇ ಒಯ್ಯಬೇಕು" ಎಂದರು ತಂದೆ.

ಹುಡುಗರು ಮರೆಯುವುದು ಸಹಜ. ಮರೆವನ್ನು ಮುಚ್ಚಲು ಸುಳ್ಳು ಅಂಕಿ ಬರೆಯಬಹುದೆಂದು ಮಗನಿಗೆ ಕಲಿಸುವವರು ನಾವು ಹಿರಿಯರು. ಇಂದಿನ ಚೆಕ್ ದೇಶದ ಬ್ರನೋ ಮಠದ ಗುರು ಗ್ರೆಗೋರ್ ಮೆಂಡೆಲ್ 1856ರಿಂದ ಎಂಟು ವರ್ಷ ಬಟಾಣಿ ಗಿಡಗಳನ್ನು ಬೆಳೆಸಿ, ಕಂಡದ್ದನ್ನು ಎಣಿಸಿ ಬರೆದಿಟ್ಟರು. ಅನುವಂಶ ಶಾಸ್ತ್ರಕ್ಕೆ ಅಡಿಪಾಯವಾದದ್ದು ಆ ಎಣಿಕೆ.

ಶಿಕ್ಷಕರಲ್ಲೂ ನಮ್ಮದೊಂದು ಬಿನ್ನಹವಿದೆ. ಎತ್ತರದ ಗಿಡಕ್ಕೆ ಹೆಚ್ಚು ಅಂಕ ಕೊಟ್ಟರೆ ನರ್ಸರಿಯವನು ಪಾಸಾಗುತ್ತಾನೆ, ಮಗುವಲ್ಲ. ಜತ್ತ ತಾಲೂಕು ಬರದ ಸೀಮೆ. ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯ್ದ ಮನೆಗಳಿವೆ. ಅಂಥ ಮನೆಯ ಮಗು "ಒಂಬತ್ತನೆಯ ದಿನ ನೀರಿಲ್ಲದೆ ಒಣಗಿತು" ಎಂದು ನಿಜ ಬರೆದರೆ ಅದಕ್ಕೂ ಪೂರ್ಣ ಅಂಕ ಸಲ್ಲಬೇಕು.

ತಡವಾದವರಿಗೆ ದಾರಿಯೇ ಇಲ್ಲವೆಂದಲ್ಲ. ಕೊತ್ತಂಬರಿ, ಮೆಣಸಿನ ಬೀಜ ಮೊಳೆಯಲು ವಾರದ ಮೇಲೆಯೇ ಬೇಕು. ಅವುಗಳ ಗೊಡವೆ ಬೇಡ. ಮೆಂತ್ಯೆ, ಸಾಸಿವೆ, ಜೋಳ ಮೂರರಿಂದ ಐದು ದಿನಗಳಲ್ಲಿ ತಲೆಯೆತ್ತುತ್ತವೆ. ಒಂದೇ ರಾತ್ರಿ ಉಳಿದಿದ್ದರೆ ಅಡುಗೆಮನೆಗೆ ಹೋಗಿರಿ.

ನಾವು ಹೋದ ಮನೆಯಲ್ಲೂ ತಾಯಿ ಉಸಳಿಗೆಂದು ಮಡಕಿಕಾಳನ್ನು ಹಿಂದಿನ ದಿನವೇ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು. ಬಿಚ್ಚಿದರೆ ಬೆಳ್ಳಗಿನ ಮೊಳಕೆ! ನೆನೆಸಿದ ಹೊತ್ತು, ಕಟ್ಟಿದ ಹೊತ್ತು, ಮೊಳಕೆಯ ಉದ್ದ ಮತ್ತು "ತಡವಾಗಿ ಆರಂಭಿಸಿದೆ" ಎಂಬ ಒಂದು ಸಾಲು, ಇಷ್ಟನ್ನೇ ಬರೆ ಎಂದೆವು.

ಆರೋಗ್ಯದ ಮಾತನ್ನೂ ಹೇಳಿಬಿಡುತ್ತೇವೆ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ 'ಸಿ' ಜೀವಸತ್ವ ಮೊಳಕೆಯಲ್ಲಿ ಹೆಚ್ಚುತ್ತದೆ. ಕಾಳಿನ ಕಬ್ಬಿಣಾಂಶವೂ ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಒದ್ದೆ ಬಟ್ಟೆಯ ಬೆಚ್ಚನೆಯಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ವೃದ್ಧರಿಗೆ ಚೆನ್ನಾಗಿ ಬೇಯಿಸಿಯೇ ಕೊಡಿರಿ.

"ಮಾರ್ಕ್ಸ್ ಹೋಗ್ತಾವಲ್ರಿ" ಎಂದರು ತಂದೆ. ಹೋಗಬಹುದು ಎಂದೆವು. ಹುಡುಗ ಸ್ವಲ್ಪ ಹೊತ್ತು ತಂದೆಯ ಮುಖ ನೋಡಿ, ಎರಡು ಬಣ್ಣದ ಹಾಳೆಯನ್ನು ಹರಿದ. ದಾಳಿಂಬೆ ಸಸಿಯನ್ನು ಬಚ್ಚಲ ನೀರು ಹರಿಯುವ ಕಡೆ ನೆಟ್ಟರು. ಮರುದಿನದ ಉಸಳಿಗೆ ಒಂದು ಹಿಡಿ ಮಡಕಿ ಕಡಿಮೆಯಾಯಿತು.